ಬೇಸ್ ಮೇಷ್ಟ್ರ ಏಟು

ಅವರ ಬಲಗೈಯ ತೋರುಬೆರಳು, ನಡುಬೆರಳುಗಳ ತುದಿಗಳು ಹುಣಸೆಬೀಜದ ಹಾಗೆ ಗಟ್ಟಿಯಾಗಿ ಹೊಳೆಯುತ್ತಿದ್ದವು. ಅವೆರಡನ್ನು ಮೇಜಿನ ಮೇಲೆ ಕುಟ್ಟಿದರೆ ಮರಕ್ಕೆ ಮೊಳೆ ಹೊಡೆದಂಥ ಸದ್ದು. ಕಿರುಬೆರಳು ಎಂದೋ ಕಬಡ್ಡಿಯಲ್ಲಿ ಮುರಿದು, ಸರಿಯಾಗಿ ಕೂಡಿಕೊಳ್ಳದೆ, ಹೊರಕ್ಕೆ ಸೊಟ್ಟಗೆ ತಿರುಗಿತ್ತು. ಆ ಕೈಯಿಂದ ಕೆನ್ನೆಗೆ ತಿಂದವರು ರಾಮನಗರದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಈಗ ಅವರಲ್ಲಿ ಲಾಯರುಗಳಿದ್ದಾರೆ, ಅಂಗಡಿ ಸಾಹುಕಾರರಿದ್ದಾರೆ, ಅದನ್ನು ಸನ್ಮಾನದ ಹಾಗೆ ಹೇಳಿಕೊಳ್ಳುತ್ತಾರೆ. ಅದೇ ಕೈ ಬೇಸ್ ಗಿಟಾರ್ ನುಡಿಸುತ್ತಿತ್ತು.

ನಾನು ಓದಿದ ಕಾಲೇಜಿನಲ್ಲಿ ಅವರು ಪಿ.ಟಿ. ಮೇಷ್ಟ್ರು. ಕನಕಪುರ ಕಡೆಯ ಒಕ್ಕಲು ಮನೆತನದವರು. ದೈಹಿಕ ಶಿಕ್ಷಣ ಓದಲು ಬೆಂಗಳೂರಿಗೆ ಹೋದಾಗ ಹಾಸ್ಟೆಲಿನ ಪಕ್ಕದ ಕೋಣೆಯವರು ರಾಕ್ ಬ್ಯಾಂಡ್ ಕಟ್ಟಿಕೊಂಡಿದ್ದರಂತೆ. ಅಲ್ಲಿ ಎಲ್ಲರಿಗೂ ಹಾಡಬೇಕು, ಇಲ್ಲ ಮುಂದೆ ನಿಂತು ಲೀಡ್ ಗಿಟಾರ್ ಬಾರಿಸಬೇಕು. ನಾಲ್ಕು ದಪ್ಪ ತಂತಿಯ, ತಗ್ಗು ದನಿಯ ಬೇಸು ಮಾತ್ರ ಮೂಲೆಯಲ್ಲಿ ಬಿದ್ದಿತ್ತು. ಇವರು ಎತ್ತಿಕೊಂಡರು. ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ, ಹಾಡಿನ ಕೆಳಗೆ ಗುದ್ದಾಡುವ ಆ ದನಿಯೊಂದನ್ನೇ ಹೆಕ್ಕಿ ಕಲಿತರು. ಇಂಗ್ಲಿಷ್ ಮಾತು ಅವರಿಗೆ ಅರೆಬರೆ. ಆದರೆ ಐವತ್ತು ವರ್ಷ ಹಳೆಯ ರಾಕ್ ಹಾಡುಗಳ ಬೇಸು ಮೊದಲಿನಿಂದ ಕೊನೆಯವರೆಗೆ ಬೆರಳಿನಲ್ಲಿತ್ತು.

ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಾನು ಹಾಡಿದ ಮರುದಿನ ಮೈದಾನದ ಅಂಚಿನಲ್ಲಿ ನನ್ನನ್ನು ನಿಲ್ಲಿಸಿ, "ದನಿ ಚೆಂದಾಗೈತೆ ಕಣವ್ವ. ತಾಳ ಮಾತ್ರ ಹಳ್ಳ ಹಿಡ್ದೈತೆ. ಸಾಯಂಕಾಲ ಬಾ," ಅಂದರು.

ಬ್ಯಾಂಡಿನ ಅಭ್ಯಾಸ ನಡೆಯುತ್ತಿದ್ದದ್ದು ಆಟದ ಸಾಮಾನಿನ ಕೋಣೆಯಲ್ಲಿ. ಒಂದು ಕಡೆ ಜಾವೆಲಿನ್, ಶಾಟ್‌ಪುಟ್ ಗುಂಡು, ಬೆವರು ನಾತದ ಚಾಪೆಗಳು. ಇನ್ನೊಂದು ಕಡೆ ಡ್ರಮ್ಸು, ಆಂಪ್ಲಿಫೈಯರು. ನಾವು ನಾಲ್ಕು ಜನ. ಬೇಸಿಗೆ ಮೇಷ್ಟ್ರು, ಹಾಡಿಗೆ ನಾನು, ಲೀಡ್ ಗಿಟಾರಿಗೆ ನನ್ನ ಓರಗೆಯ ಹುಡುಗನೊಬ್ಬ, ಡ್ರಮ್ಸಿಗೆ ಬಿಡದಿಯ ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡುವ ಹಳೆಯ ವಿದ್ಯಾರ್ಥಿ. ನನ್ನ ತಾಳ ಸರಿಯಾಗಲಿ ಅಂತ ಮೇಷ್ಟ್ರು ನನಗೂ ಬೇಸು ಹಿಡಿಸಿದರು. ತಪ್ಪಿದರೆ ನಾನು ಕೂತ ಸ್ಟೂಲನ್ನು ಒದೆಯುತ್ತಿದ್ದರು. ಒಮ್ಮೆ ಸ್ಟೂಲಿನ ಜೊತೆ ನಾನೂ ಬಿದ್ದು ಮೊಣಕೈ ತರಚಿತು. "ಏಳು, ರಕ್ತ ಬಂದ್ರೆ ಒರಿಸ್ಕೋ. ಬೇಸು ಕಿವಿಗಲ್ಲ, ಎದೆಗೆ ಗುದ್ಬೇಕು," ಅಂದರು. ಗುದ್ದುತ್ತಿತ್ತು ಕೂಡ. ಅವರು ನುಡಿಸುವಾಗ ಕಿಟಕಿಯ ಗಾಜು ಚೌಕಟ್ಟಿನಲ್ಲಿ ಅದುರುತ್ತಿತ್ತು. ಗೋಡೆಗೊರಗಿದ್ದ ಜಾವೆಲಿನ್‌ಗಳು ಜಾರಿ ನೆಲಕ್ಕೆ ಬೀಳುತ್ತಿದ್ದವು.

ನಡುವೆ ಚಹಾ ಬಂದಾಗ ಕಥೆ. ಹಳೆಯ ರಾಕ್ ದೊಡ್ಡವರ ಪುಂಡಾಟದ ಕಥೆಗಳೆಂದರೆ ಅವರಿಗೆ ಪ್ರಾಣ. ಒಬ್ಬ ವೇದಿಕೆಯ ಮೇಲೇ ಗಿಟಾರಿಗೆ ಬೆಂಕಿ ಇಟ್ಟ, ಇನ್ನೊಬ್ಬ ಹೋಟೆಲ್ ಕಿಟಕಿಯಿಂದ ಟೀವಿ ಎಸೆದ, ಮತ್ತೊಬ್ಬ ಕುಡಿದು ತನ್ನ ಡ್ರಮ್ಸನ್ನೇ ಒದ್ದು ಪುಡಿಮಾಡಿದ. ಎಲ್ಲಕ್ಕಿಂತ ಇಷ್ಟವಾದದ್ದು ಒಬ್ಬ ಬೇಸ್ ವಾದಕನ ಕಥೆ. ಅವನು ವೇದಿಕೆಗೆ ನುಗ್ಗಿದವನ ತಲೆಗೆ ಗಿಟಾರಿನಲ್ಲೇ ಬಿಟ್ಟು, ಮತ್ತೆ ಹೆಗಲಿಗೆ ಹಾಕಿಕೊಂಡು ಹಾಡು ಮುಂದುವರಿಸಿದನಂತೆ. "ಒಂದ್ ಬೀಟೂ ತಪ್ಲಿಲ್ಲ ಕಣ್ರಲಾ!" ಅಂತ ಮೇಷ್ಟ್ರು ತೊಡೆ ತಟ್ಟುತ್ತಿದ್ದರು. ಲೀಡ್ ಹುಡುಗ ಕಣ್ಣರಳಿಸಿ ಕೇಳುತ್ತಿದ್ದ. ನಾನೂ ನಗುತ್ತಿದ್ದೆ.

ಅವರ ಕೈಯ ಬಗ್ಗೆ ಊರಿಗೂ ಅಂಥದೇ ಹೆಮ್ಮೆ. ಒಮ್ಮೆ ಬಸ್ ನಿಲ್ದಾಣದಲ್ಲಿ ಇಬ್ಬರು ನನ್ನ ಹಿಂದೆ ಬಿದ್ದು ಏನೇನೋ ಅನ್ನುತ್ತಿದ್ದರು. ಮೇಷ್ಟ್ರು ಎಲ್ಲಿದ್ದರೋ, ಬಂದವರೇ ಒಬ್ಬನ ಕಪಾಳಕ್ಕೆ ಕೊಟ್ಟರು. ಅವನು ಬಾಳೆಹಣ್ಣಿನ ಗಾಡಿಯ ಮೇಲೆ ಉರುಳಿ, ಗಾಡಿಯ ಸಮೇತ ಮೋರಿಗೆ ಬಿದ್ದ. ಜನ ಸಿಳ್ಳೆ ಹಾಕಿದರು. ಅದುವರೆಗೆ ನಾನು ಬ್ಯಾಂಡಿನಲ್ಲಿ ಹಾಡಲು ಹೋಗುವುದನ್ನು ಒಪ್ಪದಿದ್ದ ನಮ್ಮಪ್ಪ ಆ ಸುದ್ದಿ ಕೇಳಿದ ಮೇಲೆ, "ಆ ಮೇಷ್ಟ್ರು ಜೊತೇಲಿದ್ರೆ ಎಲ್ಲಿಗಾದ್ರೂ ಹೋಗು," ಅಂದರು.

ಹಾಗೆ ಹೋದದ್ದೇ ಉಯ್ಯಂಬಳ್ಳಿ ಕಡೆಯ ಆ ಊರಿಗೆ. ರಾಜ್ಯೋತ್ಸವದ ಕಾರ್ಯಕ್ರಮ. ಮಾಮೂಲಿ ಆರ್ಕೆಸ್ಟ್ರಾ ಬೇಡ, ಈ ಸಲ ಹೊಸದೇನಾದರೂ ಇರಲಿ ಎಂದು ಹಿರಿಯರೊಡನೆ ಜಗಳವಾಡಿ ನಮ್ಮನ್ನು ಕರೆಸಿದವನು ಸಮಿತಿಯ ಒಬ್ಬ ರೇಷ್ಮೆ ಬೆಳೆಗಾರ. ಮೂವತ್ತರ ಆಸುಪಾಸಿನವನು, ಮಾತು ಕಡಿಮೆ. ಸಂಜೆ ನಾವು ವ್ಯಾನಿನಿಂದ ಇಳಿದಾಗ ತಾನೇ ಆಂಪ್ಲಿಫೈಯರನ್ನು ಹೆಗಲ ಮೇಲೆ ಹೊತ್ತು ತಂದು ವೇದಿಕೆಗೆ ಇಟ್ಟ. ನನಗೆ ಒಂದು ಲೋಟ ಹಾಲು ತಂದುಕೊಟ್ಟು, "ದನಿಗೆ ಒಳ್ಳೇದು ಕಣಕ್ಕ," ಅಂದ.

ನಾಡಗೀತೆ, ಎರಡು ಕನ್ನಡ ಹಾಡು ಆದವು. ಮೂರನೆಯದು ಇಂಗ್ಲಿಷಿನದು. ಮೇಷ್ಟ್ರ ಬೇಸು ನೆಲದಿಂದ ಎದ್ದು ಬರುತ್ತಿತ್ತು. ಮುಂದಿನ ಸಾಲಿನಲ್ಲಿ ಕುಡಿದವರ ಗುಂಪೊಂದು ಕೂಗಾಡುತ್ತಿತ್ತು. ಅವರಲ್ಲೊಬ್ಬ ವೇದಿಕೆ ಹತ್ತಿ ನನ್ನ ಕೈ ಹಿಡಿದೆಳೆದ. ನಾನು ಕೊಸರಿಕೊಂಡೆ. ಅವನು ನನ್ನ ಭುಜಕ್ಕೆ ಕೈ ಹಾಕಿದ, ರವಿಕೆಯ ತೋಳು ಹರಿಯಿತು. ಅಷ್ಟರಲ್ಲಿ ಪಕ್ಕದ ಮೆಟ್ಟಿಲಿಂದ ಆ ಬೆಳೆಗಾರ ಓಡಿಬಂದು ಕುಡುಕನ ಕುತ್ತಿಗೆಗೆ ಕೈ ಹಾಕಿ ಎಳೆದ. ಕುಡುಕ ಬಗ್ಗಿ ಅವನ ಹಿಡಿತದಿಂದ ಜಾರಿಕೊಂಡು ಕೆಳಕ್ಕೆ ಹಾರಿದ. ಎಳೆದ ರಭಸಕ್ಕೆ ಬೆಳೆಗಾರ ನನ್ನ ಮೈಮೇಲೆ ವಾಲಿದ, ಬೀಳದ ಹಾಗೆ ನನ್ನ ತೋಳನ್ನು ಹಿಡಿದುಕೊಂಡ.

ಬೇಸಿನ ಮೇಲೆ ಬಗ್ಗಿದ್ದ ಮೇಷ್ಟ್ರು ತಲೆಯೆತ್ತಿ ನೋಡಿದ್ದು ಆಗ.

ಬೇಸ್ ಗಿಟಾರು ಗಟ್ಟಿ ಮರದ್ದು, ಒನಕೆಯಷ್ಟು ಭಾರ. ಅವರು ಪಟ್ಟಿಯನ್ನು ತಲೆಯ ಮೇಲಿಂದ ತೆಗೆದು, ಎರಡೂ ಕೈಯಲ್ಲಿ ಗಿಟಾರಿನ ಕುತ್ತಿಗೆ ಹಿಡಿದು ಬೀಸಿದರು. ಬೆಳೆಗಾರನ ಎಡಗಿವಿಯ ಮೇಲೆ ಬಿತ್ತು. ಗಿಟಾರಿನ ವೈರು ಆಂಪ್ಲಿಫೈಯರಿಗೆ ಇನ್ನೂ ಸಿಕ್ಕಿಸಿದ್ದೇ ಇದ್ದುದರಿಂದ ಆ ಏಟಿನ ಸದ್ದು ನಾಲ್ಕೂ ಸ್ಪೀಕರಿನಲ್ಲಿ ಸಿಡಿದು ಊರಿಗೆಲ್ಲ ಕೇಳಿಸಿತು. "ಅವರಲ್ಲ ಸಾರ್! ಅವರಲ್ಲ!" ಎಂದು ಕಿರುಚಿದೆ. ಮೈಕು ಕೆಳಗೆ ಬಿದ್ದಿತ್ತು. ನನ್ನ ಕೂಗು ಆ ಗದ್ದಲದಲ್ಲಿ ನನಗೇ ಕೇಳಲಿಲ್ಲ. ಎರಡನೆಯ ಏಟು ದವಡೆಗೆ ಬಿತ್ತು. ಅವನು ಮಂಡಿಯೂರಿ, ಆಮೇಲೆ ಮಗ್ಗುಲಾಗಿ ಬಿದ್ದ. ಬಾಯಿಂದ ರಕ್ತದ ಜೊತೆ ಹಲ್ಲು ಬಂತು. ಕೆಳಗೆ ಜನ ಚಪ್ಪಾಳೆ ತಟ್ಟುತ್ತಿದ್ದರು.

ಮೂರನೆಯದಕ್ಕೆ ಎತ್ತಿದ ಗಿಟಾರಿಗೆ ನಾನು ಜೋತುಬಿದ್ದೆ. "ಬಿಡಿಸೋಕೆ ಬಂದೋರು ಸಾರ್ ಅವರು!"

ಮೇಷ್ಟ್ರು ನನ್ನ ಮುಖ ನೋಡಿದರು. ಕೆಳಗೆ ಬಿದ್ದವನನ್ನು ನೋಡಿದರು. ಗಿಟಾರು ಅವರ ಕೈಯಿಂದ ಬಿದ್ದು ಸ್ಪೀಕರುಗಳು ಗೋಳಿಟ್ಟವು.

ನಮ್ಮ ವ್ಯಾನಿನಲ್ಲೇ ಕನಕಪುರಕ್ಕೆ ಒಯ್ದೆವು. ದಾರಿಯುದ್ದಕ್ಕೂ ಮೇಷ್ಟ್ರು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿಯಿಂದ ಇಳಿಯುವ ರಕ್ತವನ್ನು ತಮ್ಮ ಅಂಗಿಯಿಂದ ಒತ್ತಿ ಹಿಡಿದಿದ್ದರು. "ಒಸಿ ತಡ್ಕಳಪ್ಪ, ಬಂದ್ಬುಟ್ವಿ, ಬಂದ್ಬುಟ್ವಿ," ಅನ್ನುತ್ತಲೇ ಇದ್ದರು. ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ದವಡೆ ಎರಡು ಕಡೆ ಒಡೆದಿತ್ತು. ಮೇಲಿನ ಹಲ್ಲು, ಕೆಳಗಿನ ಹಲ್ಲು ಸೇರಿಸಿ ತಂತಿ ಕಟ್ಟಿ ಬಾಯಿ ಮುಚ್ಚಿದರು. ಎಡಗಿವಿ ಮತ್ತೆ ಕೇಳಿಸುವುದಿಲ್ಲ ಎಂದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಆ ವಿಡಿಯೊ ಎಲ್ಲರ ಫೋನಿನಲ್ಲಿತ್ತು. ಜನರಲ್ಲಿ ಯಾರೋ ತೆಗೆದದ್ದನ್ನು ಕತ್ತರಿಸಿ ಹಾಕಿದವನು ನಮ್ಮ ಲೀಡ್ ಹುಡುಗ. ಕುಡುಕ ಹತ್ತಿದ್ದು, ಬೆಳೆಗಾರ ಅವನನ್ನು ಎಳೆದದ್ದು ಯಾವುದೂ ಅದರಲ್ಲಿರಲಿಲ್ಲ. ನನ್ನ ತೋಳು ಹಿಡಿದ ಒಬ್ಬ ಗಂಡಸು, ಹರಿದ ರವಿಕೆ, ಗಾಳಿಯಲ್ಲಿ ಬೀಸಿದ ಬೇಸು, ಅಷ್ಟೇ. ಹಿಂದೆ ರಾಕ್ ಸಂಗೀತ, ಕೆಳಗೆ "ಹೆಣ್ಣುಮಗಳ ಮೈ ಮುಟ್ಟಿದವನಿಗೆ ಬೇಸ್ ಮೇಷ್ಟ್ರ ಪಾಠ" ಎಂಬ ಬರಹ. ಮಾಗಡಿಯಲ್ಲಿರುವ ನಮ್ಮ ಚಿಕ್ಕಮ್ಮ ಫೋನು ಮಾಡಿ, "ಆ ಪೋಲಿ ಸತ್ನಾ, ಬದುಕವ್ನಾ?" ಎಂದು ಕೇಳಿದರು. ಪೋಲಿ ಅನ್ನಿಸಿಕೊಂಡವನು ಆಸ್ಪತ್ರೆಯಲ್ಲಿ ಬಾಯಿಗೆ ತಂತಿ ಬಿಗಿಸಿಕೊಂಡು ಮಲಗಿದ್ದ. ಅಲ್ಲ ಎಂದು ಹೇಳಲು ಅವನಿಗೆ ಬಾಯೇ ಇರಲಿಲ್ಲ.

ಅವನ ಹೆಂಡತಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಕೂರಲಿಲ್ಲ, ನೀರು ಕುಡಿಯಲಿಲ್ಲ. "ನಮ್ಮ ನಾದಿನಿಗೆ ಗೊತ್ತಾಗಿದ್ ಸಂಬಂಧ ಮುರ್ದೋಯ್ತು. ನಾನು ಡೈರಿಗೆ ಹಾಲು ಹಾಕಾಕೋದ್ರೆ ಗಂಡಸ್ರು ನಗ್ತಾರೆ. ನೀನು ಹೆಣ್ಣಲ್ವೇನವ್ವ? ನಮ್ಮೆಜಮಾನ್ರು ನಿನ್ನ ಏನ್ ಮಾಡುದ್ರು, ನೀನೇ ಹೇಳು," ಅಂದಳು. ನಾನು ಅವಳನ್ನು ಕರೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರು ಕೂತು ಎಲ್ಲ ಕೇಳಿಸಿಕೊಂಡರು. ಬುಲೆಟ್ ಹತ್ತಿ, ನನ್ನನ್ನೂ ಕೂರಿಸಿಕೊಂಡು, ನೇರ ಲೀಡ್ ಹುಡುಗನ ಮನೆಗೆ ಹೋದರು.

"ಅಳಿಸ್ಲಾ ಅದನ್ನ."

"ಸಾರ್, ಈಗ ಎಲ್ಲಾ ಕಡೆ ಹರಡೈತೆ. ಅಳಿಸಿದ್ರೂ ಹೋಗಲ್ಲ. ಕುದೂರು, ಬಿಡದಿ, ಮಾಗಡಿ, ಎಲ್ಲಾ ಕಡೆಯಿಂದ ಪ್ರೋಗ್ರಾಮಿಗೆ ಕರೀತಾವ್ರೆ," ಎಂದ ಹುಡುಗ. "ನೀವೇ ಹೇಳ್ತಿದ್ರಲ್ಲ ಸಾರ್, ದೊಡ್ಡೋರೆಲ್ಲ ಹಿಂಗೇ ಅಂತ. ನೀವೀಗ ಅವರ ಲೆವೆಲ್ಲು."

ಮೇಷ್ಟ್ರ ಕೈ ಅವನ ಮೂತಿಗೆ ಬಿತ್ತು. ತುಟಿ ಸೀಳಿ ರಕ್ತ ಗದ್ದಕ್ಕೆ ಇಳಿಯಿತು. ಹುಡುಗನ ತಾಯಿ ಒಳಗಿಂದ ಕೂಗಿಕೊಂಡು ಬಂದರು. ಮೇಷ್ಟ್ರು ಅಂಗಳದ ಮೆಟ್ಟಿಲ ಮೇಲೆ ಕುಸಿದು ಕೂತರು.

"ನೋಡ್ದೇನವ್ವ, ಇನ್ನೊಂದ್ ಹೊಡ್ದೆ," ಅಂದರು ನನಗೆ. ಆಮೇಲೆ ಹುಡುಗನ ಕಡೆ ತಿರುಗಿ, "ಆ ಬೇಸ್ ಬಾರ್ಸೋನ ಕಥೆ ಎಷ್ಟ್ ಸಲ ಹೇಳಿದ್ದೀನಿ ನಿಂಗೆ. ಅವನ ಕೈಲಿ ಏಟು ತಿಂದೋನು ಯಾರು, ಮನೆಗೆ ಹೆಂಗೋದ, ಆಮೇಲೇನಾದ ಅಂತ ಒಂದಿನ ಕೇಳ್ಲಿಲ್ವಲ್ಲೋ ನಾವು!" ಎಂದರು. ಹುಡುಗ ತುಟಿ ಒತ್ತಿಕೊಂಡು ಅಳುತ್ತ ವಿಡಿಯೊ ಅಳಿಸಿದ. ಅವನು ಹೇಳಿದ ಹಾಗೆಯೇ, ಅದು ಹೋಗಲಿಲ್ಲ.

ಚನ್ನಪಟ್ಟಣದ ಕಾರ್ಯಕ್ರಮ ಮೊದಲೇ ಒಪ್ಪಿಕೊಂಡದ್ದು. ರದ್ದು ಮಾಡೋಣ ಎಂದೆವು. ಮೇಷ್ಟ್ರು ಒಪ್ಪಲಿಲ್ಲ. "ಜನ ಸೇರ್ತಾರಲ್ಲ, ಹೇಳಾಕೆ ಅದೇ ಜಾಗ," ಅಂದರು. ಜನ ಸೇರಿದ್ದರು, ನಾವು ಎಂದೂ ಕಾಣದಷ್ಟು. ಮೇಷ್ಟ್ರು ಬೇಸು ಹೆಗಲಿಗೇರಿಸಿ ಬಂದ ಕೂಡಲೇ ಮೈದಾನ ಭೋರ್ಗರೆಯಿತು. ಅವರು ಅದುವರೆಗೂ ಮೈಕಿನ ಮುಂದೆ ನಿಂತವರಲ್ಲ, ಯಾವಾಗಲೂ ಡ್ರಮ್ಸಿನ ಪಕ್ಕ ಹಿಂದೆ. ಅವತ್ತು ಮುಂದೆ ಬಂದು ಮೈಕು ಹಿಡಿದರು.

"ನಾನು ಹೊಡ್ದಿದ್ದು ತಪ್ಪೇ ಮಾಡ್ದಿದ್ದೋನ್ಗೆ. ಆ ಮನುಷ್ಯ ಈ ಹೆಣ್ಣುಮಗೂನ ಕಾಪಾಡಾಕೆ ಬಂದಿದ್ದ..."

"ಡೈಲಾಗ್ ಸೂಪರ್ ಸಾರ್!" ಎಂದು ಯಾರೋ ಕೂಗಿದ. ಜನ ನಕ್ಕರು. "ಗಿಟಾರ್ ಬೀಸಿ ಸಾರ್! ಒಂದ್ಸಲ ಬೀಸಿ!" ಎಂಬ ಕೂಗು ಮೈದಾನದ ಆ ತುದಿಯಿಂದ ಈ ತುದಿಗೆ ಹರಡಿತು. ಮೇಷ್ಟ್ರು ಮೊದಲಿಂದ ಹೇಳತೊಡಗಿದರು. ಆ ಬೆಳೆಗಾರನ ಊರು ಹೇಳಿದರು, ಅವನು ಕುಡುಕನ ಕುತ್ತಿಗೆ ಹಿಡಿದದ್ದನ್ನು ಹೇಳಿದರು, ತಾವು ಕಣ್ಣು ಕಾಣದವರ ಹಾಗೆ ಬೀಸಿದ್ದನ್ನು ಹೇಳಿದರು. ನಗು ನಿಂತು ಬೈಗುಳ ಶುರುವಾಯಿತು. ಒಂದು ಪ್ಲಾಸ್ಟಿಕ್ ಕುರ್ಚಿ ಹಾರಿಬಂದು ಡ್ರಮ್ಸಿನ ಮೇಲೆ ಬಿತ್ತು. ಇನ್ನೊಂದು ನನ್ನ ಕಾಲಿಗೆ ತಾಗಿತು. ಆಮೇಲೆ ಒಂದು ಗಾಜಿನ ಬಾಟಲಿ ಮೇಷ್ಟ್ರ ಹಣೆಗೆ ಬಡಿದು ಒಡೆಯಿತು.

ಅವರು ಕದಲಲಿಲ್ಲ. ಹಣೆಯ ರಕ್ತ ಕಣ್ಣಿಗಿಳಿದು ಒಂದು ಕಣ್ಣು ಮುಚ್ಚಿಹೋಯಿತು. ಮೈಕಿನ ಕಂಬ ಹಿಡಿದುಕೊಂಡು, "ಅವನು ಪೋಲಿ ಅಲ್ಲ! ಪೋಲಿ ನಾನು! ಬರ್ಕಳ್ಳಿ, ವಿಡಿಯೊ ಮಾಡ್ಕಳ್ಳಿ!" ಎಂದು ಕೂಗುತ್ತಲೇ ಇದ್ದರು. ಪೊಲೀಸರು ಲಾಠಿ ಬೀಸಿ ಜನರನ್ನು ಚದುರಿಸಿದ ಮೇಲೆ ನಾವು ಅವರನ್ನು ಹೊತ್ತು ವ್ಯಾನಿಗೆ ಹಾಕಿದೆವು. ಆ ಮಾತಿನ ವಿಡಿಯೊವನ್ನೂ ಹಲವರು ಹಾಕಿದರು. ಅದನ್ನು ನೋಡಿದವರು ಕಡಿಮೆ.

ಬೆಳೆಗಾರನ ಮನೆಯವರು ದೂರು ಕೊಟ್ಟಿದ್ದರು. ಕೇಸು ವರ್ಷಗಟ್ಟಲೆ ಎಳೆಯಿತು. ಮೇಷ್ಟ್ರ ವಕೀಲರು ಜಾಣರು. "ಅವನೂ ಕುಡುಕರ ಗುಂಪಿನಲ್ಲಿದ್ದ ಅಂತ ಈ ಹುಡುಗಿ ಒಂದು ಮಾತು ಹೇಳಲಿ. ಹೆಣ್ಣಿನ ಮಾನ ಕಾಪಾಡೋಕೆ ಹೊಡೆದದ್ದು ಅಂತಾಗುತ್ತೆ. ಇಲ್ಲದಿದ್ದರೆ ಜೈಲೂ ಆಗುತ್ತೆ, ಕೆಲಸಾನೂ ಹೋಗುತ್ತೆ," ಎಂದರು. ಮೇಷ್ಟ್ರ ಹೆಂಡತಿ ನನ್ನ ಕೈ ಹಿಡಿದುಕೊಂಡು ಅತ್ತರು. ಅವರಿಗೆ ಓದುವ ಮಗಳೊಬ್ಬಳು ಇದ್ದಳು. ನಮ್ಮಪ್ಪ ಕೂಡ, "ನಿಂಗೋಸ್ಕರ ಹೊಡ್ದೋರು ಕಣಮ್ಮ," ಅಂದರು.

ಮೇಷ್ಟ್ರು ನನ್ನನ್ನು ಆಟದ ಸಾಮಾನಿನ ಕೋಣೆಗೆ ಕರೆದರು. ಅವರ ಎದುರು ನಿಂತಾಗ ಎಂದಿನ ಹೆದರಿಕೆಯೇ ಆಯಿತು.

"ನೋಡಿದ್ದು ಹೇಳು," ಅಂದರು.

"ಸಾರ್, ನೀವು ಒಳಗೆ ಹೋಗ್ತೀರ."

"ಹೋಗ್ತೀನಿ. ನೀನು ಸುಳ್ಳು ಹೇಳುದ್ರೆ ಅವನು ಸಾಯೋಗಂಟ ಪೋಲಿಯಾಗೇ ಇರ್ತಾನೆ. ನಾನು ಎರಡ್ ಸಲ ಹೊಡ್ದಿದ್ದೇ ಸಾಕು ಕಣವ್ವ, ಮೂರ್ನೇದು ನೀನು ಹೊಡೀಬೇಡ."

ಕನಕಪುರದ ಕೋರ್ಟಿನಲ್ಲಿ ಸಾಕ್ಷಿಯ ಕಟಕಟೆ ಹತ್ತಿದೆ. ಎದುರಿಗೆ ಮೇಷ್ಟ್ರು. ಆ ಕಡೆ ಬೆಳೆಗಾರ, ಕೇಳಿಸುವ ಕಿವಿಯನ್ನು ನನ್ನ ಕಡೆ ತಿರುಗಿಸಿ ಕೂತಿದ್ದ. ನಾನು ನೋಡಿದ್ದನ್ನೆಲ್ಲ ಹೇಳಿದೆ. ಎಲ್ಲಿ ತಡವರಿಸಿದೆನೋ ಅಲ್ಲೆಲ್ಲ ಮೇಷ್ಟ್ರು ತಲೆಯಾಡಿಸಿ, ಮುಂದೆ ಹೇಳು ಎಂಬಂತೆ ನೋಡಿದರು. ತೀರ್ಪು ಬಂದ ದಿನ ಅವರನ್ನು ಅಲ್ಲಿಂದಲೇ ಜೈಲಿಗೆ ಕರೆದೊಯ್ದರು. ಕೆಲಸವೂ ಹೋಯಿತು. ಬೆಳೆಗಾರನ ಹೆಂಡತಿ ಹೊರಗೆ ನನ್ನ ಪಕ್ಕ ಬಂದು ನಿಂತಳು.

ಜೈಲಿನಿಂದ ಬಂದ ಮೇಲೆ ಮೇಷ್ಟ್ರು ಕ್ಷಮೆ ಕೇಳಲು ಬೆಳೆಗಾರನ ಮನೆಗೆ ಹೋಗಿದ್ದರು. ಅವನು ಬಾಗಿಲಲ್ಲೇ ನಿಲ್ಲಿಸಿ, "ನಿಮ್ಮ ನೋಡುದ್ರೆ ನನ್ನ ತಲೇಲಿ ಆ ಸದ್ದು ಶುರುವಾಯ್ತದೆ. ಬರ್ಬೇಡಿ ಸಾರ್," ಅಂದನಂತೆ. ಇವರು ಕೈಮುಗಿದು ಬಂದರು, ಮತ್ತೆ ಹೋಗಲಿಲ್ಲ. ಆ ಕ್ಷಮೆಗಾಗಿ ಅವರು ಯಾರ ಬಳಿಯೂ ಗೋಳಾಡಿದ್ದನ್ನು ನಾನು ಕಾಣೆ.

ಬಿಡದಿಯಲ್ಲಿ ಒಂದು ಕೋಣೆ ಹಿಡಿದು ಗಿಟಾರ್ ಪಾಠ ಶುರುಮಾಡಿದರು. ಡಿಗ್ರಿ ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿದ್ದ ನಾನು ದಿನಾ ಸಂಜೆ ಹೋಗಿ ಕೂರುತ್ತಿದ್ದೆ. ಅವರ ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಹುಡುಗರು ತಪ್ಪು ನುಡಿಸಿದಾಗ ಕತ್ತಿನ ನರ ಉಬ್ಬುವುದು, ಕೈ ಏಳುವುದು ಎಲ್ಲ ಕಾಣುತ್ತಿತ್ತು. ಎದ್ದು ಹಿತ್ತಲಿಗೆ ಹೋಗಿ ಗೋಡೆಗೆ ಗುದ್ದಿ ಬರುತ್ತಿದ್ದರು. ಗೋಡೆಯ ಗಾರೆ ಆ ಜಾಗದಲ್ಲಿ ಉದುರಿ ಇಟ್ಟಿಗೆ ಕಾಣುತ್ತಿತ್ತು. ಗೆಣ್ಣುಗಳು ಒಡೆದು ರಕ್ತ ಕಟ್ಟಿದ ಅದೇ ಕೈಯಲ್ಲಿ, "ಹ್ಞೂ, ಮತ್ತೆ ಮೊದ್ಲಿಂದ," ಎಂದು ಬೇಸು ಎತ್ತಿಕೊಳ್ಳುತ್ತಿದ್ದರು. ಹೊಸ ಹುಡುಗರು ಹಳೆಯ ರಾಕ್ ದೊಡ್ಡವರ ಪುಂಡಾಟದ ಕಥೆ ತೆಗೆದರೆ, "ಅವನು ನುಡಿಸಿದ್ದು ಕೇಳಿದ್ದೀಯೇನ್ಲಾ? ಮೊದ್ಲು ಅದನ್ನ ಕೇಳು," ಎಂದು ಹಾಡು ಹಾಕುತ್ತಿದ್ದರು. ನಾನು ಇವತ್ತು ಏನಾದರೂ ಬೇಸು ನುಡಿಸುತ್ತಿದ್ದರೆ ಅದು ಆ ಕೋಣೆಯಲ್ಲಿ ಕಲಿತದ್ದು.

ಕಳೆದ ವರ್ಷ ಒಂದು ಬೆಳಗ್ಗೆ ಅವರ ಮಗಳು ಫೋನು ಮಾಡಿದಳು. ಓಡಲು ಹೋದವರು ರಸ್ತೆ ಬದಿ ಎದೆ ಹಿಡಿದುಕೊಂಡು ಬಿದ್ದಿದ್ದರು. ಆಸ್ಪತ್ರೆ ಮುಟ್ಟಲಿಲ್ಲ.

ನಾನು ರಾಮನಗರದ ಮನೆ ತಲುಪುವಷ್ಟರಲ್ಲಿ ಬೀದಿಯ ತುದಿಯಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. "ರಾಕ್ ದೊರೆಗೆ ಅಂತಿಮ ನಮನ." ಪಟ ಯಾವುದು ಗೊತ್ತೇ? ಮೇಷ್ಟ್ರು ಎರಡೂ ಕೈಯಲ್ಲಿ ಬೇಸು ಎತ್ತಿರುವುದು, ಕೆಳಗೆ ಆ ಬೆಳೆಗಾರನ ಮುಖ ಅರ್ಧ. ನಾನು ಕಂಬ ಹತ್ತಿ ಹಗ್ಗ ಕೀಳಲು ನೋಡಿದೆ. ಬಿಗಿಯಾಗಿತ್ತು. ಫ್ಲೆಕ್ಸನ್ನೇ ಮೇಲಿಂದ ಕೆಳಗೆ ಸೀಳಿದೆ. ಕಟ್ಟಿದ ಹುಡುಗರು ಓಡಿಬಂದರು. ಒಬ್ಬ ನನ್ನ ಜಡೆ ಹಿಡಿದು ಕೆಳಗೆಳೆದ. ಮಂಡಿ ಒಡೆಯಿತು. "ಏನಕ್ಕ ನಿಂಗೇನ್ ತಲೆ ಕೆಟ್ಟೈತಾ? ಅವರು ಫೇಮಸ್ ಆಗಿದ್ದೇ ಈ ಫೋಟೋಲಿ!" ಅಂದ. ನಾನು ಅವನ ಎದೆಗೆ ಕೈಹಾಕಿ ಹಿಂದಕ್ಕೆ ತಳ್ಳಿದೆ. ಇನ್ನೊಂದು ಕೈ ಎದ್ದೇ ಇತ್ತು. ಅದನ್ನು ಇಳಿಸಿ, ಬೀದಿಯಲ್ಲೇ ನಿಂತು, ಆ ರವಿಕೆ ಹರಿಸಿಕೊಂಡ ಹುಡುಗಿ ನಾನೇ ಎಂದು ಶುರುಮಾಡಿ ಎಲ್ಲ ಹೇಳಿದೆ. ಕೆಲವರು ಬೈದುಕೊಂಡು ಹೋದರು. ಕೆಲವರು ನಿಂತು ಕೇಳಿದರು.

ಆಮೇಲೆ ಬೆಳೆಗಾರನ ಮನೆಗೆ ಫೋನು ಮಾಡಿದೆ. ಹೆಂಡತಿ ಎತ್ತಿಕೊಂಡಳು. ಸುದ್ದಿ ಹೇಳಿದೆ, ಫ್ಲೆಕ್ಸಿನದನ್ನೂ ಹೇಳಿದೆ. ಅವಳು ಗಂಡನಿಗೆ ಕೊಟ್ಟಳು. ದವಡೆ ಸೊಟ್ಟಗೆ ಕೂಡಿದ್ದರಿಂದ ಅವನ ಮಾತು ಈಗಲೂ ಒಂದು ಕಡೆಗೆ ಜಾರುತ್ತದೆ.

"ನಾನು ಮಣ್ಣಿಗೆ ಬರಾಕಿಲ್ಲ ಕಣವ್ವ," ಅಂದ. "ಆದ್ರೆ ಆ ಪಟ ಹರ್ದಾಕಿದ್ದು ಒಳ್ಳೇ ಕೆಲ್ಸ ಮಾಡ್ದೆ. ಇನ್ನೆಲ್ಲಾದ್ರೂ ಕಟ್ಟವ್ರಾ?"

ನಾನು ಬೀದಿಯ ಆ ಕಡೆ ನೋಡಿದೆ. "ಸರ್ಕಲ್ಲಿನಲ್ಲಿ ಇನ್ನೊಂದಿದೆ," ಅಂದೆ.

"ಹಂಗಾದ್ರೆ ಹೋಗು," ಎಂದು ಫೋನಿಟ್ಟ.

ಮೇಷ್ಟ್ರನ್ನು ಚಟ್ಟಕ್ಕೆ ಕಟ್ಟುತ್ತಿದ್ದರು. ನನ್ನ ಮಾತು ಕೇಳಿಸಿಕೊಂಡಿದ್ದ ಅವರ ಮಗಳು ಒಳಗಿಂದ ಒಂದು ಕುಡುಗೋಲು ತಂದು ನನ್ನ ಕೈಗಿಟ್ಟಳು. ನಾನು ಕುಂಟುತ್ತ ಸರ್ಕಲ್ ಕಡೆಗೆ ನಡೆದೆ.